ಅಳಿಲಿಗೆ ಯಾವ ಬಂದೂಕು?

ತೋಟವಿದ್ದಲ್ಲಿ ಅಳಿಲು ಇರುವುದು. ಅಳಿಲಿದ್ದಲ್ಲಿ ಅದರ ಮೇಲೆ ದೂರೂ ಇರುವುದು. ಹುಕ್ಕೇರಿ ತಾಲ್ಲೂಕಿನ ಕಣಗಲಾದಂಥ ಊರಿನಲ್ಲಿ ಪೇರಲ, ಚಿಕ್ಕು, ಶೇಂಗಾ ಬೆಳೆಯುವ ರೈತನನ್ನು ಕೇಳಿದರೆ, ಇಣಚಿಯ ಹಲ್ಲು ತಾಕಿದ ಒಂದು ಕಾಯಿಯನ್ನಾದರೂ ತೋರಿಸಿಯಾನು. ಆದುದರಿಂದ ‘ಅಳಿಲನ್ನು ಹೊಡೆಯಲು ಎಂಥ ಬಂದೂಕು, ಎಂಥ ಗುಂಡು ತಕ್ಕುದು?’ ಎಂಬ ಪ್ರಶ್ನೆ ಏಳುವುದು ಸಹಜವೇ. ಪ್ರಶ್ನೆ ಕೇಳಿದೊಡನೆ ಧರ್ಮೋಪದೇಶಕ್ಕೆ ತೊಡಗುವುದು ವಿಜ್ಞಾನದ ಮಾರ್ಗವಲ್ಲ. ಅದನ್ನು ನೇರವಾಗಿಯೇ ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ.

ಅಳಿಲಿನ ಬೇಟೆ ಒಂದು ಸಂಪ್ರದಾಯವಾಗಿ ಬೆಳೆದಿರುವುದು ಉತ್ತರ ಅಮೆರಿಕದಲ್ಲಿ. ಅಲ್ಲಿಯ ಬೂದು ಅಳಿಲು ಸುಮಾರು ಅರ್ಧ ಕಿಲೋ ತೂಗುತ್ತದೆ. ಅದನ್ನು ಆಹಾರಕ್ಕಾಗಿಯೇ ಹೊಡೆಯುತ್ತಾರೆ. ಬೇಟೆಯ ಕಾಲವನ್ನು ಅಲ್ಲಿಯ ಸರ್ಕಾರಗಳು ಗೊತ್ತುಪಡಿಸುತ್ತವೆ. ಬೇಟೆಗಾರರು ಬಳಸುವುದು ಮುಖ್ಯವಾಗಿ ಎರಡು ಬಗೆಯ ಆಯುಧಗಳನ್ನು. ಮರಗಳಲ್ಲಿ ಎಲೆ ದಟ್ಟವಾಗಿರುವಾಗ ಛರ್ರೆ ತುಂಬಿದ ತೋಟಾ ಬಂದೂಕು. ಎಲೆ ಉದುರಿ ಪ್ರಾಣಿ ಸ್ಪಷ್ಟವಾಗಿ ಕಾಣುವಾಗ ಪಾಯಿಂಟ್ ಇಪ್ಪತ್ತೆರಡರ ರೈಫಲ್. ಹಗುರವಾದ ಗಾಳಿಬಂದೂಕು ಮೂರನೆಯದು.

ಇವುಗಳ ಬಲಾಬಲವನ್ನು ಅಳೆಯೋಣ. ಗಾಳಿಬಂದೂಕಿನ ಸೀಸದ ಛರ್ರೆ ಸುಮಾರು ಅರ್ಧ ಗ್ರಾಂ ತೂಕದ್ದು. ಅದು ಸೆಕೆಂಡಿಗೆ 200 ಮೀಟರ್ ವೇಗದಿಂದ ಹೊರಟರೆ ಅದರಲ್ಲಿರುವ ಚಲನಶಕ್ತಿ 10 ಜೂಲ್. ಒಂದು ಕಿಲೋ ತೂಕದ ಬೆಲ್ಲದ ಪೆಂಟೆ ಒಂದು ಮೀಟರ್ ಎತ್ತರದಿಂದ ಬಿದ್ದರೆ ನೆಲಕ್ಕೆ ತಾಕುವ ಶಕ್ತಿಯೂ ಹೆಚ್ಚುಕಡಮೆ ಅಷ್ಟೇ. ಇಷ್ಟೇಯೋ ಎನ್ನಬಾರದು. ಪೆಂಟೆಯ ಶಕ್ತಿ ಅಂಗೈಯಗಲದಲ್ಲಿ ಹರಡಿಹೋಗುತ್ತದೆ. ಛರ್ರೆಯದು ನಾಲ್ಕೂವರೆ ಮಿಲಿಮೀಟರ್ ವ್ಯಾಸದ ಒಂದು ಬಿಂದುವಿನಲ್ಲಿ ಕೂಡಿಕೊಳ್ಳುತ್ತದೆ. ಕಣ್ಣನ್ನು ಶಾಶ್ವತವಾಗಿ ಕೆಡಿಸಲು ಅಷ್ಟು ಸಾಕು. ಪಾಯಿಂಟ್ ಇಪ್ಪತ್ತೆರಡರ ಗುಂಡು 2.6 ಗ್ರಾಂ ತೂಗುತ್ತದೆ. ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಅದರ ಶಕ್ತಿ 140 ಜೂಲಿಗೆ ಏರುತ್ತದೆ. ಇನ್ನು ಅಮೆರಿಕದ ಆರನೆಯ ನಂಬರಿನ ಛರ್ರೆಯ ತೋಟಾದಲ್ಲಿ, 28 ಗ್ರಾಂ ಸೀಸಕ್ಕೆ ಸುಮಾರು 225 ಕಾಳುಗಳಿರುತ್ತವೆ. ಅವು ಹರಡಿಕೊಂಡು ಹಾರುತ್ತವೆ.

ಈಗ ಗುರಿಯ ಕಡೆ ನೋಡೋಣ. ನಮ್ಮ ತೋಟಗಳಲ್ಲಿ ಓಡಾಡುವ ಮೂರು ಪಟ್ಟೆಯ ಅಥವಾ ಐದು ಪಟ್ಟೆಯ ಅಳಿಲು ತೂಗುವುದು 100 ಗ್ರಾಮಿನ ಆಸುಪಾಸಿನಲ್ಲಿ. ತೋಟಾದ ಹೊಡೆತಕ್ಕೆ ಅದು ಚಿಂದಿಯಾಗುತ್ತದೆ. ಗುರಿ ತಪ್ಪಿದ ಕಾಳುಗಳು ಉಳಿಸಬೇಕೆಂದಿದ್ದ ಕಾಯಿಗಳಲ್ಲೇ ನಾಟಿಕೊಳ್ಳುತ್ತವೆ. ರೈಫಲ್ ಆಗಲಿ ಗಾಳಿಬಂದೂಕಾಗಲಿ ಆದರೆ ಎರಡು ಬೆರಳಗಲದ ತಲೆಗೇ ಗುಂಡು ತಾಕಬೇಕು. ಕ್ಷಣಕಾಲವೂ ಸುಮ್ಮನಿರದ ಪ್ರಾಣಿಯಲ್ಲಿ ಅದು ನುರಿತವನಿಗೂ ಕಷ್ಟ. ಹೊಟ್ಟೆಗೆ ತಗುಲಿದ ಅಳಿಲು ಪೊಟರೆಗೆ ಸೇರಿ ನರಳಿ ಸಾಯುತ್ತದೆ.

ಆದರೆ ಎಲ್ಲಕ್ಕೂ ಗಂಭೀರವಾದ ಸಂಗತಿ ಬೇರೆ ಇದೆ. ಅಳಿಲು ಕೊಂಬೆಯ ಮೇಲಿರುವ ಪ್ರಾಣಿ. ಬಂದೂಕಿನ ಮೂತಿ ಮೇಲಕ್ಕೆ ಏಳಲೇಬೇಕು. ಎಂಟು ಮೀಟರ್ ಎತ್ತರದ ಕೊಂಬೆಗೆ ಹನ್ನೆರಡು ಮೀಟರ್ ದೂರದಿಂದ ನಿಂತು ಗುರಿಯಿಟ್ಟರೆ ನಳಿಗೆ ನೆಲದೊಡನೆ ಮಾಡುವ ಕೋನ ಸುಮಾರು 28 ಡಿಗ್ರಿ. ಗಾಳಿಯ ತಡೆಯಿಲ್ಲದ ಕಡೆ ಎಸೆದ ವಸ್ತು ಅತ್ಯಂತ ದೂರ ಹೋಗುವುದು 45 ಡಿಗ್ರಿ ಕೋನದಲ್ಲಿ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಗಾಳಿಯ ತಡೆಯಿರುವಾಗ ಬಂದೂಕಿನ ಗುಂಡಿಗೆ ಆ ಕೋನ ಸುಮಾರು 30 ಡಿಗ್ರಿಗೆ ಇಳಿಯುತ್ತದೆ. ಎಂದರೆ, ಅಳಿಲಿಗೆ ಗುರಿಯಿಡುವವನು ತನಗರಿವಿಲ್ಲದೆಯೇ ಗುಂಡನ್ನು ಅತ್ಯಂತ ದೂರಕ್ಕೆ ಕಳುಹಿಸುವ ಭಂಗಿಯಲ್ಲಿ ನಿಂತಿರುತ್ತಾನೆ! ಗುರಿ ತಪ್ಪಿದ ಪಾಯಿಂಟ್ ಇಪ್ಪತ್ತೆರಡರ ಗುಂಡು ಒಂದೂವರೆ ಕಿಲೋಮೀಟರಿಗೂ ಹೋಗಿ ಬೀಳಬಲ್ಲುದು. ಆರನೆಯ ನಂಬರಿನ ಛರ್ರೆ ಇನ್ನೂರು ಮೀಟರಿಗೂ ತುಸು ಆಚೆ ಉದುರುತ್ತದೆ. ಆದುದರಿಂದಲೇ ಬಲ್ಲ ಬೇಟೆಗಾರರು ಅಳಿಲಿನ ಹಿಂದೆ ದಪ್ಪವಾದ ಕಾಂಡವೋ ಗುಡ್ಡವೋ ಇರದಿದ್ದರೆ ರೈಫಲಿನ ಕುದುರೆ ಎಳೆಯುವುದಿಲ್ಲ.

ಈ ಲೆಕ್ಕವನ್ನು ಕಣಗಲಾದ ನೆಲದ ಮೇಲಿಟ್ಟು ನೋಡಿರಿ. ಸಂಕೇಶ್ವರ ಮತ್ತು ನಿಪ್ಪಾಣಿಗಳ ನಡುವೆ ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಊರು ಅದು. ಊರಿನ ಯಾವ ತೋಟದಲ್ಲಿ ನಿಂತು ಒಂದೂವರೆ ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆದರೂ ಅದರೊಳಗೆ ರಸ್ತೆ, ಮನೆ, ಇಲ್ಲವೆ ಕಬ್ಬಿನ ಗದ್ದೆ ಬಾರದೆ ಇರದು. ಆಳೆತ್ತರದ ಕಬ್ಬಿನೊಳಗೆ ನೀರು ಕಟ್ಟುವವರು, ಕಬ್ಬು ಕಡಿಯುವವರು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಗೋಕಾಕ, ಮೂಡಲಗಿಗಳ ಬಯಲಿನ ಮಾತೂ ಇದೇ. ವಿಶಾಲವಾದ ಕಾಡಿನಲ್ಲಿ ಹುಟ್ಟಿದ ಪದ್ಧತಿಯೊಂದು ಒತ್ತಾಗಿ ಜನರಿರುವ ಬಯಲಿಗೆ ಸಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

‘ಹಾಗಾದರೆ ಗಾಳಿಬಂದೂಕಾದೀತು, ಅದಕ್ಕೆ ಪರವಾನಗಿಯೇ ಬೇಡವಲ್ಲ’ ಎನ್ನುವವರಿದ್ದಾರೆ. 2016ರ ಆಯುಧ ನಿಯಮಗಳ ಮೇರೆಗೆ, ನಳಿಗೆಯ ವ್ಯಾಸ 4.5 ಮಿಲಿಮೀಟರನ್ನೂ ಶಕ್ತಿ 20 ಜೂಲನ್ನೂ ಮೀರದ ಗಾಳಿಬಂದೂಕಿಗೆ ಪರವಾನಗಿ ಬೇಡವೆಂಬುದು ನಿಜ. ಆದರೆ ಇಟ್ಟುಕೊಳ್ಳುವ ಅನುಮತಿ ಕೊಲ್ಲುವ ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಮೊದಲಲ್ಲಿ ಪೀಡಕ ಪ್ರಾಣಿಗಳದೇ ಒಂದು ಪಟ್ಟಿಯನ್ನಿಟ್ಟುಕೊಂಡಿತ್ತು. ಕಾಗೆ, ಹಣ್ಣುಬಾವಲಿ, ಇಲಿಗಳು ಅದರಲ್ಲಿದ್ದುವು, ಅಳಿಲು ಇರಲಿಲ್ಲ. ಬದಲಾಗಿ ಐದು ಪಟ್ಟೆಯ ಅಳಿಲಿಗೆ ರಕ್ಷಣೆಯ ಪಟ್ಟಿಯಲ್ಲಿ ಸ್ಥಾನ ದೊರೆತಿತ್ತು. 2022ರ ತಿದ್ದುಪಡಿಯು ಪೀಡಕಗಳ ಆ ಪಟ್ಟಿಯನ್ನೇ ತೆಗೆದುಹಾಕಿತು. ನಮ್ಮ ಜಿಲ್ಲೆಯಲ್ಲೇ, ಖಾನಾಪುರದ ಕಾಡುಗಳಲ್ಲಿರುವ ಒಂದೂವರೆ ಎರಡು ಕಿಲೋ ತೂಗುವ ಕೆಂಜಳಿಲು ಕಾಯಿದೆಯ ರಕ್ಷಣೆಗೆ ಒಳಗಾದ ಪ್ರಾಣಿ. ನೆರೆಯ ಮಹಾರಾಷ್ಟ್ರ ಅದನ್ನು ‘ಶೇಕರು’ ಎಂಬ ಹೆಸರಿನಿಂದ ತನ್ನ ರಾಜ್ಯಪ್ರಾಣಿಯಾಗಿ ಗೌರವಿಸಿದೆ. ಅದನ್ನು ಹೊಡೆಯುವುದು ಶಿಕಾರಿಯಲ್ಲ, ಅಪರಾಧ.

ಸೀಸದ ಮಾತನ್ನೂ ಮರೆಯಬಾರದು. ಗಾಳಿಬಂದೂಕಿನ ಛರ್ರೆ ಬಹುಮಟ್ಟಿಗೆ ಸೀಸದ್ದೇ. ಕೈಗೆ ಅನುಕೂಲವೆಂದು ಹುಡುಗರು ಅದನ್ನು ಬಾಯಲ್ಲಿ ಹಿಡಿದಿಟ್ಟುಕೊಳ್ಳುವುದುಂಟು. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲವೆಂದು ಹೇಳಬಹುದಾದ ಮಟ್ಟವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಮಿದುಳು ಬೆಳೆಯುವ ವಯಸ್ಸಿನಲ್ಲಿ ಸೀಸ ಮಾಡುವ ಹಾನಿಯನ್ನು ಹಿಂದಕ್ಕೆ ಪಡೆಯಲಾಗದು.

ಇಷ್ಟಾದರೂ ಬೆಳೆ ಉಳಿದೀತೆ? ಅದೂ ಇಲ್ಲ. ಅಳಿಲು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಮರಿ ಹಾಕುತ್ತದೆ; ಒಂದು ಸಲಕ್ಕೆ ಎರಡು ಮೂರು ಮರಿ. ಒಂದು ಸತ್ತು ತೆರವಾದ ಮರಕ್ಕೆ ಪಕ್ಕದ ಮರದಿಂದ ಇನ್ನೊಂದು ಬರುತ್ತದೆ. ರೈತನ ನಷ್ಟ ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರ ಬಂದೂಕಿನಲ್ಲಿಲ್ಲ, ತಡೆಯಲ್ಲಿದೆ. ಕೊಂಬೆಗಳು ಒಂದಕ್ಕೊಂದು ತಾಕದ ತೆಂಗಿನ ಮರಕ್ಕೆ ಆಳೆತ್ತರದಲ್ಲಿ ಮೊಳದಗಲದ ನುಣುಪಾದ ತಗಡನ್ನು ಸುತ್ತಿದರೆ ಹತ್ತುವ ದಾರಿಯೇ ಮುಚ್ಚುತ್ತದೆ. ಪೇರಲ, ದಾಳಿಂಬೆಗಳಿಗೆ ಚೀಲ ಕಟ್ಟಬಹುದು. ಸಣ್ಣ ಗಿಡಗಳಿಗೆ ಬಲೆ ಹೊದಿಸಬಹುದು. ಕರಾವಳಿ ಮತ್ತು ಕೇರಳದ ಕೋಕೋ ತೋಟಗಳಲ್ಲಿ ಅಳಿಲಿನ ಕಾಟಕ್ಕೆ ಕೃಷಿತಜ್ಞರು ಹೇಳುವ ಮೊದಲ ಉಪಾಯವೂ ಸರಳವಾದುದೇ: ಅಳಿಲು ಮೆಚ್ಚುವುದು ಮಾಗಿದ ಕಾಯನ್ನು, ಆದುದರಿಂದ ಮಾಗಿದುದನ್ನು ಮರದಲ್ಲಿ ಬಿಡದೆ ಕೂಡಲೇ ಕೊಯ್ಯಬೇಕು.

ಗುರಿಯ ಆನಂದವೇ ಬೇಕೆನ್ನುವ ತರುಣರಿಗೆ ನಾವು ಬೇಡವೆನ್ನುವುದಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಕೋವಿಯಿಂದ ಗುರಿಯಿಡುವ ಸ್ಪರ್ಧೆ ನಡೆಯುತ್ತದೆ. ಕೋವಿಯನ್ನು ಪೂಜಿಸುವ ನಾಡಿಗೂ ಜೀವವಿಲ್ಲದ ಗುರಿ ಕಡಿಮೆಯದೆನಿಸಿಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗಿನಲ್ಲಿ ಚಿನ್ನದ ಪದಕ ಗೆದ್ದುದು ಗಾಳಿಬಂದೂಕಿನಿಂದಲೇ. ಹತ್ತು ಮೀಟರ್ ದೂರದ ಆ ಗುರಿಹಲಗೆಯ ನಡುಬಿಂದು ಕೇವಲ ಅರ್ಧ ಮಿಲಿಮೀಟರಿನದು. ಅದರೆದುರಿಗೆ ಅಳಿಲಿನ ತಲೆ ಎಷ್ಟು ದೊಡ್ಡದು! ನಿಜವಾದ ಕೌಶಲ ಎಲ್ಲಿದೆಯೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿದು. ಮನೆಯಲ್ಲಿ ಗಾಳಿಬಂದೂಕಿದ್ದರೆ ಅದನ್ನು ಆಟಿಕೆಯೆಂದು ಎಣಿಸದೆ, ಬೀಗದೊಳಗಿಟ್ಟು, ದೊಡ್ಡವರ ಸಮಕ್ಷಮದಲ್ಲಿ, ಹಿಂದೆ ಮಣ್ಣಿನ ದಿಬ್ಬವಿರುವ ಕಾಗದದ ಗುರಿಗೆ ಮಾತ್ರ ಬಳಸಬೇಕು. ಗುಂಡಿನ ಶಕ್ತಿ, ಕೋನ, ದೂರಗಳ ಲೆಕ್ಕವನ್ನು ಪ್ರೌಢಶಾಲೆಯ ಶಿಕ್ಷಕರು ಪಾಠದಲ್ಲಿ ಒಮ್ಮೆ ಮಾಡಿಸಿ ತೋರಿಸಿದರೆ, ಎಷ್ಟೋ ಕಣ್ಣುಗಳು ಉಳಿದಾವು. ಅಳಿಲಿಗೆ ಯಾವ ಬಂದೂಕು ಎಂಬ ಪ್ರಶ್ನೆಗೆ ಲೆಕ್ಕ ಕೊಡುವ ಉತ್ತರ ಒಂದೇ: ಯಾವುದೂ ಅಲ್ಲ, ಒಂದು ತಗಡು, ಒಂದು ಬಲೆ, ಹೊತ್ತಿಗೆ ಸರಿಯಾದ ಕೊಯ್ಲು.