ಇಪ್ಪತ್ತೇಳು ತಿರುವು, ಆರು ಲೀಟರ್ ಡೀಸೆಲ್

ಜತ್ತ ತಾಲ್ಲೂಕಿನ ಕನ್ನಡ ಶಾಲೆಯೊಂದಕ್ಕೆ ಹೊಸದಾಗಿ ಸೇರಿರುವ ತರುಣ ಶಿಕ್ಷಕರೊಬ್ಬರು ಪತ್ರ ಬರೆದಿದ್ದಾರೆ. ಮನೆಯಿಂದ ಶಾಲೆಗೆ ಹೋಗಿಬರಲು ಅವರಿಗೆ ದಿನಕ್ಕೆ ತೊಂಬತ್ತು ಕಿಲೋಮೀಟರು, ಬಸ್ಸಿನ ಭರವಸೆಯಿಲ್ಲ. ಪರಿಚಯದವರೊಬ್ಬರು ತಮ್ಮ ಹಳೆಯ ಸಣ್ಣ ಡೀಸೆಲ್ ಕಾರನ್ನು ಮಾರುವವರಿದ್ದಾರಂತೆ. ‘ತಾವು ಬಹಳ ವರ್ಷಗಳಿಂದ ಅಂಥ ಗಾಡಿಯಲ್ಲೇ ಓಡಾಡುತ್ತೀರೆಂದು ಕೇಳಿದ್ದೇನೆ. ಕೊಳ್ಳಲೋ ಬೇಡವೋ, ಒಂದು ಮಾತು ತಿಳಿಸಿರಿ’ ಎಂದು ಕೇಳಿದ್ದಾರೆ. ಒಂದೇ ಮಾತಿನಲ್ಲಿ ಮುಗಿಯುವ ವಿಷಯವಾಗಿದ್ದರೆ ಅಂಚೆ ಕಾರ್ಡಿನಲ್ಲಿಯೇ ಉತ್ತರಿಸುತ್ತಿದ್ದೆ. ಮುಗಿಯುವಂತೆ ಕಾಣುವುದಿಲ್ಲವಾದ್ದರಿಂದ ಈ ತಿಂಗಳ ಪುಟವನ್ನು ಅವರಿಗೇ ಮೀಸಲಿಟ್ಟಿದ್ದೇನೆ.

ನನ್ನ ಮನೆ ಸತ್ಯಮಂಗಲದಲ್ಲಿ, ಘಟ್ಟದ ಕೆಳಗೆ. ಶಾಲೆ ಘಟ್ಟದ ಮೇಲೆ, ತಾಳವಾಡಿ ಸೀಮೆಯ ಒಂದು ಹಳ್ಳಿಯಲ್ಲಿ. 1956ರಲ್ಲಿ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದಾಗ ಮದ್ರಾಸ್ ರಾಜ್ಯದಲ್ಲಿಯೇ ಉಳಿದ ಸೀಮೆಯದು. ನಡುವೆ ಬಣ್ಣಾರಿ, ದಿಂಬಂ ಘಟ್ಟದ ಇಪ್ಪತ್ತೇಳು ಹೇರ್‌ಪಿನ್ ತಿರುವುಗಳು, ಹಾಸನೂರು, ಆಮೇಲೆ ಕಾಡು. ಹೋಗಲು ಅರುವತ್ತು ಕಿಲೋಮೀಟರು, ಬರಲು ಅರುವತ್ತು. 2012ರ ಜೂನ್‌ನಲ್ಲಿ ಕಾರು ಕೊಂಡೆ. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದ್ದ ತಿಂಗಳುಗಳನ್ನು ಕಳೆದರೂ ಅದರ ಮೀಟರು ಈಗ ಮೂರು ಲಕ್ಷ ದಾಟಿದೆ. ಕಾರಿನ ಹೆಸರು ಹೇಳಿದರೆ ಜಾಹೀರಾತು ಆದೀತು. ಎಂಜಿನ್ನಿನ ವಿಷಯ ಹೇಳಬಹುದು. ಇಟಲಿಯ ಫಿಯಾಟ್ ಮತ್ತು ಅಮೆರಿಕದ ಜನರಲ್ ಮೋಟರ್ಸ್ ಕೂಡಿ ರೂಪಿಸಿದ 1248 ಸಿ.ಸಿ. ಎಂಜಿನ್ ಅದು. ಮಾರುತಿ, ಟಾಟಾ, ಫಿಯಾಟ್ ಮೂವರ ಕಾರುಗಳಲ್ಲಿಯೂ ಅದೇ ಎಂಜಿನ್ ಇತ್ತಾದ್ದರಿಂದ ಅದರ ಕೆಲಸ ಬಲ್ಲ ಮೆಕ್ಯಾನಿಕ್ ಎಲ್ಲ ಊರಿನಲ್ಲಿಯೂ ಸಿಗುತ್ತಿದ್ದ.

ಮೊದಲು ಹಣದ ಲೆಕ್ಕ. ಇದನ್ನು ನಾನು ಐದನೆಯ ತರಗತಿಗೆ ಪ್ರತಿವರ್ಷವೂ ಕೊಡುವ ಲೆಕ್ಕ. ಕೊಂಡ ವರ್ಷ ಪೆಟ್ರೋಲು ಲೀಟರಿಗೆ ಸುಮಾರು 73 ರೂಪಾಯಿ, ಡೀಸೆಲು ಸುಮಾರು 44. ಪೆಟ್ರೋಲ್ ಕಾರು ಈ ದಾರಿಯಲ್ಲಿ ಲೀಟರಿಗೆ 15 ಕಿಲೋಮೀಟರು ಕೊಟ್ಟರೆ ಡೀಸೆಲ್ ಕಾರು 20 ಕೊಡುತ್ತದೆ. ದಿನದ 120 ಕಿಲೋಮೀಟರಿಗೆ ಪೆಟ್ರೋಲು 8 ಲೀಟರ್, 584 ರೂಪಾಯಿ; ಡೀಸೆಲು 6 ಲೀಟರ್, 264 ರೂಪಾಯಿ. ಉಳಿತಾಯ 320. ಡೀಸೆಲ್ ಕಾರಿಗೆ ನಾನು ಹೆಚ್ಚಿಗೆ ತೆತ್ತದ್ದು ಒಂದು ಲಕ್ಷ. ಅದು ಸುಮಾರು ಮುನ್ನೂರ ಹದಿಮೂರು ಶಾಲಾದಿನಗಳಲ್ಲಿ, ಎಂದರೆ ಒಂದೂವರೆ ವರ್ಷದಲ್ಲಿ ಹಿಂದಿರುಗಿತು. ಆಮೇಲೆ ಕಾಲ ಬದಲಾಯಿತು. 2013ರ ಜನವರಿಯಿಂದ ಡೀಸೆಲ್ ಬೆಲೆಯನ್ನು ತಿಂಗಳಿಗೆ ಐವತ್ತು ಪೈಸೆಯಂತೆ ಏರಿಸತೊಡಗಿದರು. 2014ರ ಅಕ್ಟೋಬರ್‌ನಲ್ಲಿ ಸರಕಾರ ಅದರ ಮೇಲಿನ ಹಿಡಿತವನ್ನೇ ಬಿಟ್ಟಿತು. ಎರಡರ ಬೆಲೆಯ ನಡುವಣ ಅಂತರ ಮೂವತ್ತರಿಂದ ಇಳಿದು, 2024ರ ಹೊತ್ತಿಗೆ ಹತ್ತು ರೂಪಾಯಿಯ ಒಳಗೆ ಬಂದಿತ್ತು. ಆದರೂ ದಿನಕ್ಕೆ ಎರಡು ಲೀಟರ್ ಕಡಿಮೆ ಕುಡಿಯುವ ಗುಣ ಎಲ್ಲಿಯೂ ಹೋಗಿಲ್ಲ.

ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ಮುಗಿಸಿದಾಗ ಒಂದು ವರ್ಷ ಒಬ್ಬ ಹುಡುಗಿ ಎದ್ದು ನಿಂತಳು. ‘ಸಾರ್, ನೀವು ಇಲ್ಲೇ ಇದ್ದಿದ್ರ ಎಷ್ಟು ಲೀಟರ್ ಸಾರ್?’ ಮಕ್ಕಳು ನಕ್ಕರು. ಸೊನ್ನೆ ಎಂದು ಬರೆಯಲೇಬೇಕಾಯಿತು. ಆ ಮಗುವಿನ ಪ್ರಶ್ನೆಗೆ ಮತ್ತೆ ಬರುತ್ತೇನೆ.

ಘಟ್ಟದಲ್ಲಿ ಡೀಸೆಲ್ ಕಾರು ನಡೆಸುವುದು ನನಗೆ ಯಾರೂ ಕಲಿಸದ ವಿದ್ಯೆ. ಈ ಎಂಜಿನ್ನಿಗೆ ಟರ್ಬೊ ಎಂಬ ಸಾಧನವಿದೆ. ಹೊರಹೋಗುವ ಹೊಗೆಯೇ ಒಂದು ಚಿಕ್ಕ ಚಕ್ರವನ್ನು ತಿರುಗಿಸಿ, ಅದರ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ತುಂಬುತ್ತದೆ. ಎಂಜಿನ್ ನಿಮಿಷಕ್ಕೆ ಎರಡು ಸಾವಿರದ ಆಸುಪಾಸು ಸುತ್ತಿದರೆ ಮಾತ್ರ ಅದಕ್ಕೆ ಉಸಿರು. ಅದಕ್ಕಿಂತ ಕೆಳಗಿದ್ದರೆ ಗಾಡಿ ನಿದ್ದೆಯಲ್ಲಿರುವ ಎತ್ತಿನಂತೆ. ಮೊದಲ ವಾರದಲ್ಲಿಯೇ ಒಂದು ತಿರುವಿನ ನಡುಮಧ್ಯೆ ಎರಡನೆಯ ಗೇರಿನಲ್ಲಿ ಎಂಜಿನ್ ಮುಗ್ಗರಿಸಿ ನಿಂತುಹೋಯಿತು. ಹಿಂದೆ ಸರಕಾರಿ ಬಸ್ಸು, ಮೇಲಿನಿಂದ ಕಬ್ಬಿನ ಲಾರಿ. ಬಸ್ಸಿನ ನಿರ್ವಾಹಕರು ಕೆಳಗಿಳಿದು, ಒಂದು ಮಾತೂ ಆಡದೆ, ನನ್ನ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು. ಚಾಲಕರು ಕಿಟಕಿಯಿಂದಲೇ ಒಂದು ಪಾಠ ಹೇಳಿದರು: ಗೇರು ಬದಲಿಸುವುದು ತಿರುವಿಗೆ ಮೊದಲು, ತಿರುವಿನಲ್ಲಲ್ಲ. ತರಬೇತಿ ಕಾಲೇಜಿನಲ್ಲಿ ಎರಡು ವರ್ಷ ಓದಿದ ಬೋಧನಾಕ್ರಮಕ್ಕಿಂತ ಅವರ ಆ ಒಂದು ವಾಕ್ಯ ನನಗೆ ಹೆಚ್ಚು ನೆನಪಿದೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ. ಬ್ರೇಕನ್ನು ನೆಚ್ಚಿ ಇಳಿದರೆ ಅರ್ಧದಾರಿಯಲ್ಲಿ ಸುಟ್ಟ ವಾಸನೆ ಬರುತ್ತದೆ.

ಉಪಚಾರದ ವಿಷಯ ಬೇಗ ಹೇಳಿಬಿಡುತ್ತೇನೆ. ಇಂಧನದ ಫಿಲ್ಟರಿನಲ್ಲಿ ಸೇರುವ ನೀರನ್ನು ಆಗಾಗ ಬಸಿಯಬೇಕು. ಎಣ್ಣೆ ಬದಲಿಸಿದ ದಿನವೇ ಕಪ್ಪಾದರೆ ಗಾಬರಿ ಬೇಡ, ಡೀಸೆಲಿನ ಸ್ವಭಾವವದು. ಆದರೆ ಬದಲಿಸುವ ಗಡುವು ತಪ್ಪಿಸಬೇಡಿ. ನನ್ನ ಗಾಡಿ ಇದುವರೆಗೆ ಮೂರು ಕ್ಲಚ್ ತಿಂದಿದೆ. ಅದರಲ್ಲಿ ಮೊದಲನೆಯದು ಗಾಡಿಯ ತಪ್ಪಲ್ಲ, ನನ್ನ ಎಡಗಾಲಿನದು. ಇನ್ನೊಂದು, ಘಟ್ಟ ಹತ್ತಿ ಬಂದ ಕೂಡಲೆ ಎಂಜಿನ್ ಆರಿಸಬಾರದು. ಕಾದ ಟರ್ಬೊ ತಣಿಯುವವರೆಗೆ ಒಂದು ನಿಮಿಷವಾದರೂ ನಿಂತಲ್ಲೇ ಓಡಲು ಬಿಡಬೇಕು.

ಆ ಒಂದು ನಿಮಿಷವೇ ನನ್ನನ್ನು ತಪ್ಪಿತಸ್ಥನನ್ನಾಗಿ ಮಾಡಿತು. ನಾನು ಶಾಲೆಯ ಅಂಗಳದಲ್ಲಿಯೇ, ಜಗಲಿಗೆ ತಾಗಿದಂತೆ ಕಾರು ನಿಲ್ಲಿಸಿ ಎಂಜಿನ್ ಓಡಲು ಬಿಡುತ್ತಿದ್ದೆ. ಮಾರ್ಗಶಿರದ ಚಳಿಯಲ್ಲಿ ಮಕ್ಕಳು ಬೆಚ್ಚಗಿನ ಗಾಳಿಗೆಂದು ಹೊಗೆಕೊಳವೆಯ ಸುತ್ತ ನಿಂತುಕೊಳ್ಳುತ್ತಿದ್ದರು. ನಾನು ನಗುತ್ತ ನೋಡುತ್ತಿದ್ದೆ. ಕೆಲವು ವರ್ಷಗಳ ಅನಂತರ ಒಂದು ವಿಜ್ಞಾನ ಲೇಖನದಲ್ಲಿ ಓದಿದೆ: ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತ್ತು. ಯಾವಾಗ? 2012ರ ಜೂನ್‌ನಲ್ಲಿ, ನಾನು ಕಾರಿಗೆ ಅರಿಸಿನ ಕುಂಕುಮ ಹಚ್ಚಿದ ತಿಂಗಳಲ್ಲಿಯೇ. 2020ರ ಏಪ್ರಿಲ್‌ನಿಂದ ಬಂದ ಕಾರುಗಳಿಗೆ ಮಸಿ ಹಿಡಿಯುವ ಶೋಧಕವಿದೆ, ನನ್ನದಕ್ಕಿಲ್ಲ. ಮರುದಿನದಿಂದ ಗಾಡಿಯನ್ನು ಊರ ಹೊರಗೆ, ಕೆರೆ ಏರಿಯ ಬಳಿ ನಿಲ್ಲಿಸಿ, ಅಲ್ಲಿಂದ ನಡೆದು ಬರಲು ತೊಡಗಿದೆ.

ಆ ಎರಡು ಫರ್ಲಾಂಗು ನಡೆದ ಮೊದಲ ವಾರ ನನಗೆ ನಾಚಿಕೆಯಾಯಿತು. ಅಷ್ಟು ವರ್ಷಗಳಾಗಿದ್ದರೂ ಆ ಬೀದಿಯ ಅರ್ಧದಷ್ಟು ಮನೆಗಳಲ್ಲಿ ಯಾರಿದ್ದಾರೆಂಬುದು ನನಗೆ ತಿಳಿದಿರಲಿಲ್ಲ. ಮೂಲೆಮನೆಯ ಅಜ್ಜಿಯೊಬ್ಬರು ರಾಗಿ ಕೇರುತ್ತ ಕುಳಿತವರು ನನ್ನನ್ನು ನಿಲ್ಲಿಸಿದರು. ‘ಗಾಡಿ ಬರ ಸದ್ದೂ ಕೇಳ್ತದ, ಹೋಗ ಸದ್ದೂ ಕೇಳ್ತದ. ನೀವಿರ ಸದ್ದೇ ಕೇಳಲ್ಲ ಕನ ಮೇಷ್ಟ್ರೇ’ ಎಂದರು. ಅವರ ಮೊಮ್ಮಗ ಆ ವರ್ಷ ನಮ್ಮ ಶಾಲೆ ಬಿಟ್ಟು, ಹಳದಿ ವ್ಯಾನಿನಲ್ಲಿ ಇಂಗ್ಲಿಷ್ ಶಾಲೆಗೆ ಹೋಗತೊಡಗಿದ್ದ. ಏಕೆ ಬಿಡಿಸಿದಿರೆಂದು ಕೇಳುವ ಬಾಯಿ ನನಗಿರಲಿಲ್ಲ.

ಏಕೆಂದರೆ ನಾನು ಘಟ್ಟ ಇಳಿದದ್ದೇ ಮಗಳನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿಸುವುದಕ್ಕಾಗಿ. ಅದಕ್ಕೆ ಮೊದಲು ಶಾಲೆಯ ಹಿಂದಿನ ಬಾಡಿಗೆ ಮನೆಯಲ್ಲಿದ್ದೆವು. ಸಂಜೆ ಲಾಂದ್ರದ ಬೆಳಕಿನಲ್ಲಿ ಮಗ್ಗಿ ಒಪ್ಪಿಸಲು ಬರುತ್ತಿದ್ದ ಮಕ್ಕಳಿದ್ದರು. 2012ರಲ್ಲಿ ಶಾಲೆಯಲ್ಲಿ ಅರುವತ್ತೊಂದು ಮಕ್ಕಳು. ಈ ವರ್ಷ ಇಪ್ಪತ್ತಮೂರು. ಇಳಿಕೆಗೆ ಕಾರಣ ನನ್ನೊಬ್ಬನ ಕಾರು ಎಂದು ಹೇಳಿದರೆ ಅದು ಅಹಂಕಾರವಾದೀತು. ಆದರೆ ಊರವರು ಕಣ್ಣಿದ್ದವರು. ಮೇಷ್ಟರು ತಮ್ಮ ಮಗಳನ್ನು ಎಲ್ಲಿ ಓದಿಸಿದರೆಂಬುದು ಅವರಿಗೆ ಗೊತ್ತು. ಮಗಳ ಓದು ಮುಗಿದು, ಕೊಯಮತ್ತೂರಿನಲ್ಲಿ ಕೆಲಸಕ್ಕೂ ಸೇರಿದ್ದಾಳೆ. ಕಾರಣ ತೀರಿಹೋಗಿದೆ, ಓಡಾಟ ಮಾತ್ರ ಉಳಿದಿದೆ. ಮನೆಸಾಲ, ನಲ್ಲಿ ನೀರು, ಹತ್ತಿರದ ವೈದ್ಯರು, ಹೀಗೆ ಇಳಿದವನಿಗೆ ಹತ್ತದಿರಲು ನೆಪಗಳು ಬೆಳೆಯುತ್ತ ಹೋಗುತ್ತವೆ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಾಗ ಮೇಲಿನ ಊರುಗಳ ಜನ ರೋಗಿಗಳ ಗತಿಯೇನು, ತರಕಾರಿ ಲಾರಿಗಳ ಗತಿಯೇನು ಎಂದು ಕಂಗಾಲಾಗಿದ್ದರು. ನಾನು ಚಿಂತಿಸಿದ್ದು ಸಂಜೆ ಎಷ್ಟು ಗಂಟೆಯೊಳಗೆ ಇಳಿಯಬೇಕೆಂಬುದನ್ನು. ಇದನ್ನು ಬರೆಯುವಾಗಲೂ ಹಿತವೆನಿಸುವುದಿಲ್ಲ.

ಜತ್ತದ ಮಿತ್ರರೇ, ಕಾರು ಕೊಳ್ಳುವುದಾದರೆ ಹೀಗೆ ಮಾಡಿ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ನಿಮ್ಮ ಕೈಯಿಂದಲೇ ಚಾಲೂ ಮಾಡಿ ಹೊಗೆಯ ಬಣ್ಣ ನೋಡಿ. ಏರಿನಲ್ಲಿ ಓಡಿಸಿ ಕ್ಲಚ್ ಜಾರುತ್ತದೆಯೇ ಪರೀಕ್ಷಿಸಿ. ನೋಂದಣಿ ಪುಸ್ತಕದಲ್ಲಿ ಹದಿನೈದು ವರ್ಷ ಎಂದು ತುಂಬುತ್ತದೆಂದು ನೋಡಿ, ಆ ಮೇಲೆ ತಪಾಸಣೆಯಾಗಿ ನವೀಕರಣವಾಗಬೇಕು. ದಿನಕ್ಕೆ ತೊಂಬತ್ತು ಕಿಲೋಮೀಟರು ನಿಜವಾಗಿಯೂ ಓಡುವುದಾದರೆ ಡೀಸೆಲು ನಿಮಗೆ ನಷ್ಟ ಮಾಡದು. ಆದರೆ ಸೌದೆಗೆ ಮುಂಗಡ ಕೊಡುವ ಮೊದಲು ಒಲೆ ಎಲ್ಲಿ ಹೂಡುತ್ತೀರೆಂಬುದನ್ನು ಯೋಚಿಸಿದಂತೆ, ಮುಂಗಡ ಕೊಡುವ ಮೊದಲು ಶಾಲೆಯ ಊರಿನಲ್ಲಿ ಬಾಡಿಗೆ ಮನೆಯಿದೆಯೇ ಎಂದು ಒಂದು ಭಾನುವಾರ ಹೋಗಿ ವಿಚಾರಿಸಿ ಬನ್ನಿ. ನಾನು ವಿಚಾರಿಸಿರಲಿಲ್ಲ.

ನನ್ನ ಗಾಡಿಗೆ 2027ರ ಜೂನ್‌ನಲ್ಲಿ ಹದಿನೈದು ತುಂಬುತ್ತದೆ. ನನ್ನ ನಿವೃತ್ತಿ 2028ರಲ್ಲಿ. ನಡುವಣ ಒಂದು ವರ್ಷಕ್ಕಾಗಿ ಗಾಡಿಯ ಆಯುಷ್ಯ ನವೀಕರಿಸುವುದೋ, ಮಾರಿ ಮೇಲಿನ ಊರಿನಲ್ಲಿ ಮನೆ ಹಿಡಿಯುವುದೋ ಎಂದು ನಮ್ಮ ಮನೆಯಲ್ಲಿ ಚರ್ಚೆ ನಡೆದಿದೆ. ಮನೆಯಾಕೆ ಇನ್ನೂ ಒಪ್ಪಿಲ್ಲ, ಬೇಡವೆಂದೂ ಹೇಳಿಲ್ಲ. ಕಳೆದ ವಾರ ಮೂಲೆಮನೆಯ ಅಜ್ಜಿಯ ಕಿವಿಗೆ ಈ ಮಾತು ಹಾಕಿದೆ. ಅವರು ಎದ್ದು ಹೋಗಿ, ಹಿತ್ತಿಲ ಕಡೆಯ ಎರಡು ಕೋಣೆಗಳ ಬೀಗ ತೆಗೆದು ತೋರಿಸಿದರು. ಹಂಚು ನಾಲ್ಕು ಒಡೆದಿವೆ, ನೆಲ ಗಟ್ಟಿಯಾಗಿದೆ. ಬಾಡಿಗೆಯ ಮಾತು ಎತ್ತಿದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಗಿಲು ಮುಂದೆ ಮಾಡುತ್ತ ಒಂದೇ ಒಂದು ಷರತ್ತು ಹೇಳಿದರು: ‘ಗಾಡಿ ನಿಲ್ಸಕ್ಕ ಮಾತ್ರ ಜಾಗ ಇಲ್ಲ ಕನ ಮೇಷ್ಟ್ರೇ.’