ಬ್ಯಾನರ್ ಕನ್ನಡದಲ್ಲಿ, ಪಾಠ ಇಂಗ್ಲಿಷಿನಲ್ಲಿ! ಇದ್ಯಾವ ಸೀಮೆಯ ವಿಜ್ಞಾನ ಶಿಬಿರ?

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಪ್ರೆಸ್ಸಿಗೆ ಒಂದು ಕೆಲಸ ಬಂತು. ಶಿಕ್ಷಕರಿಗೆ ಮೂರು ದಿನದ ‘ಮಾಡಿ ಕಲಿ’ ವಿಜ್ಞಾನ ಶಿಬಿರವಂತೆ. ಆಹ್ವಾನ ಪತ್ರಿಕೆ 200, ಪ್ರಮಾಣಪತ್ರ 60, ಒಂದು ಬ್ಯಾನರ್. ಎಲ್ಲವೂ ಅಚ್ಚ ಕನ್ನಡ, ತಾಯಿ ಭುವನೇಶ್ವರಿಯ ಚಿತ್ರ ಬೇರೆ! ಸಂತೋಷದಿಂದ ಮಾಡಿಕೊಟ್ಟೆ. ‘ಕೈಪಿಡಿ ಯಾವಾಗ ಕೊಡ್ತೀರಿ ಸಾರ್?’ ಎಂದೆ. ‘ಅದು ಬೆಂಗಳೂರಿಂದ ರೆಡಿಯಾಗೇ ಬರುತ್ತೆ’ ಎಂದರು.

ಬಂತು. ಜೆರಾಕ್ಸ್ ಮಾಡಿದ ದಪ್ಪ ಪುಸ್ತಕ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಇಂಗ್ಲಿಷ್. ಹುಡುಕಿದರೂ ಒಂದು ಕನ್ನಡಕ್ಷರ ಇಲ್ಲ!

ಶಿಬಿರಕ್ಕೆ ಬಂದವರು ಯಾರು? ತೆರಕಣಾಂಬಿ, ಬೇಗೂರು, ಹಂಗಳದ ಕಡೆಯ ಸರ್ಕಾರಿ ಶಾಲೆಯ ಮೇಷ್ಟ್ರುಗಳು, ಮೇಡಂಗಳು. ಮನೆಯಲ್ಲೇ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುವ ಇಬ್ಬರು ಹೆಣ್ಣುಮಕ್ಕಳು. ಇವರೆಲ್ಲ ಓದಿದ್ದು ಕನ್ನಡದಲ್ಲಿ, ನಾಳೆ ಹೋಗಿ ಕಲಿಸುವುದೂ ಕನ್ನಡದಲ್ಲಿ. ನಡುವಿನ ಮೂರು ದಿನ ಮಾತ್ರ ಇಂಗ್ಲಿಷ್ ಯಾಕೆ ಸ್ವಾಮಿ?

ನಮ್ಮ ಬೀದಿಯ ಮೇಷ್ಟ್ರೊಬ್ಬರನ್ನು ಕೇಳಿದೆ. ‘ಊಟ ಚೆನ್ನಾಗಿತ್ತು ಕಣಣ್ಣ’ ಎಂದರು. ಇನ್ನೇನೂ ಹೇಳಲಿಲ್ಲ. ಅವರಿಗೆ ಕೊಟ್ಟ ಸಾಮಾನಿನ ಪೆಟ್ಟಿಗೆ ಶಾಲೆಯ ಬೀರುವಿನಲ್ಲಿದೆ. ಕೀಲಿ ಹೆಡ್‌ಮಾಸ್ಟರ ಹತ್ತಿರ. ತೆಗೆದರೆ ಯಾವ ತಂತಿ ಎಲ್ಲಿಗೆ ಸೇರಿಸಬೇಕೆಂದು ಓದಿ ಹೇಳುವವರಿಲ್ಲ. ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಹೀಗೆ ಮಾಡುವವರು ಅವರೊಬ್ಬರೇ ಅಲ್ಲ.

ಆ ಕೈಪಿಡಿಯಲ್ಲಿ ಆಮ್ಲ, ಕ್ಷಾರದ ಪ್ರಯೋಗಕ್ಕೆ ಲಿಟ್ಮಸ್ ಕಾಗದ ಬೇಕು ಎಂದಿದೆ. ಗುಂಡ್ಲುಪೇಟೆಯಲ್ಲಿ ಕೂತು ಲಿಟ್ಮಸ್ ಹುಡುಕಬೇಕೇ? ಅರಿಸಿನ ಬೆಳೆಯುವ ಸೀಮೆ ಇದು! ಬಿಳಿ ಕಾಗದಕ್ಕೆ ಅರಿಸಿನದ ನೀರು ಸವರಿ ಒಣಗಿಸಿ. ಸುಣ್ಣದ ತಿಳಿ ತಾಕಿಸಿದರೆ ಕೆಂಪಾಗುತ್ತದೆ, ಸೋಪಿನ ನೀರಿಗೂ ಕೆಂಪಾಗುತ್ತದೆ. ಮೇಲೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ನಮ್ಮ ಅಜ್ಜಿಯರು ಅರಿಸಿನಕ್ಕೆ ಸುಣ್ಣ ಕದಡಿ ಕೆಂಪಾರತಿ ಎತ್ತುತ್ತಿದ್ದದ್ದೂ ಇದೇ ರಸಾಯನ ಶಾಸ್ತ್ರ. ಹುಡುಗಿಯೊಬ್ಬಳಿಗೆ ‘ನಿಮ್ಮಜ್ಜಿ ಮಾಡ್ತಾರಲ್ಲ ಆರತಿ, ಅದೇ’ ಎಂದು ಮೇಡಂ ಹೇಳಿದರೆ ಆ ಪಾಠ ಸಾಯುವ ತನಕ ಮರೆಯುತ್ತಾಳೆಯೇ?

ಎಂಜಿನಿಯರಿಂಗ್ ಬೇಕೆ? ನನ್ನ ಪ್ರೆಸ್ಸಿಗೆ ಬನ್ನಿ. ಅಪ್ಪನ ಕಾಲದ ಟ್ರೆಡಲ್ ಮಿಷಿನ್ನು ಮೂಲೆಯಲ್ಲಿದೆ. ಕಾಲಲ್ಲಿ ತುಳಿದು ಬಿಟ್ಟರೆ ದೊಡ್ಡ ಚಕ್ರ ತನ್ನ ಪಾಡಿಗೆ ಇನ್ನೂ ನಾಲ್ಕು ಸುತ್ತು ಹೊಡೆಯುತ್ತದೆ. ಜಡತ್ವ ಎಂದರೆ ಅದು. ಮೊಳೆಯಲ್ಲಿ ‘ಕ’ ತಿರುಗುಮುರುಗಾಗಿರುತ್ತದೆ, ಕಾಗದದ ಮೇಲೆ ನೆಟ್ಟಗಾಗುತ್ತದೆ. ಪಕ್ಕದ ಆಫ್‌ಸೆಟ್ ನಡೆಯುವುದು ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬ ಒಂದೇ ಗುಟ್ಟಿನ ಮೇಲೆ. ಪ್ಲೇಟಿನಲ್ಲಿ ಅಕ್ಷರವಿರುವ ಜಾಗ ಎಣ್ಣೆಯ ಇಂಕು ಹಿಡಿಯುತ್ತದೆ. ಖಾಲಿ ಜಾಗ ನೀರು ಹಿಡಿದು ಇಂಕನ್ನು ಹತ್ತಿರ ಸೇರಿಸುವುದಿಲ್ಲ. ನಾನು ಓದಿದ್ದು ಪಿಯುಸಿ. ಇದನ್ನು ಕನ್ನಡದಲ್ಲೇ ಅರ್ಥ ಮಾಡಿಕೊಂಡೆ, ಕನ್ನಡದಲ್ಲೇ ಹುಡುಗರಿಗೆ ಕಲಿಸುತ್ತೇನೆ.

‘ವಿಜ್ಞಾನಕ್ಕೆ ಕನ್ನಡ ಸಾಲದು’ ಎನ್ನುವ ಮಹಾಶಯರೇ, 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದರು. 1978ರಲ್ಲಿ ‘ಬಾಲವಿಜ್ಞಾನ’ ಬಂತು, ಜೆ.ಆರ್. ಲಕ್ಷ್ಮಣರಾಯರಂಥವರು ದುಡಿದರು. ಸಾಲದೇ ಇರುವುದು ಕನ್ನಡವಲ್ಲ, ನಿಮ್ಮ ಮನಸ್ಸು!

ಹಿಂದಿಯವರನ್ನು ಬೈಯುವುದರಲ್ಲಿ ನಾವು ಮುಂದು. ಅವರಿಂದ ಕಲಿಯುವುದೂ ಇದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಪ್ರಯೋಗದ ಮೂಲಕ ವಿಜ್ಞಾನ ಕಲಿಸುವ ಕೆಲಸ ಶುರುವಾಯಿತು. ಬೇಸಿಗೆ ರಜೆಯಲ್ಲಿ ಹಳ್ಳಿ ಮೇಷ್ಟ್ರುಗಳಿಗೆ ತರಬೇತಿ, ಅದೂ ಅವರ ಮಾತಿನಲ್ಲೇ. ಪುಸ್ತಕವೂ ಅವರ ನುಡಿಯಲ್ಲೇ, ‘ಬಾಲ್ ವೈಜ್ಞಾನಿಕ್’ ಎಂದು. 2002ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿತು, ಆ ಮಾತು ಬೇರೆ. ನಿಲ್ಲುವ ಮುಂಚೆ 30 ವರ್ಷ ನಡೆಯಿತಲ್ಲ!

ನಮ್ಮವರ ತಪ್ಪೂ ಹೇಳಲೇಬೇಕು. ಎಲೆ ಬಿಸಿಲಲ್ಲಿ ಅಡಿಗೆ ಮಾಡಿಕೊಳ್ಳುತ್ತದೆ ಎಂದರೆ ಮಗುವಿಗೆ ತಿಳಿಯುತ್ತದೆ. ನಾವು ‘ದ್ಯುತಿಸಂಶ್ಲೇಷಣಕ್ರಿಯೆ’ ಎಂದು ಬರೆದು ಕೂತೆವು. ಅದನ್ನು ಕಂಪೋಸ್ ಮಾಡುವಾಗ ನನ್ನ ಬೆರಳೇ ತಡವರಿಸುತ್ತದೆ. ಬಲ್ಬು, ಬ್ಯಾಟರಿ, ವೋಲ್ಟು ನಮ್ಮ ಲಿಪಿಯಲ್ಲೇ ಇರಲಿ, ಯಾರು ಬೇಡವೆಂದರು? ವಾಕ್ಯ ಕನ್ನಡದ್ದಾಗಿರಲಿ.

ಹೋರಾಟಗಾರ ಗೆಳೆಯರೇ, ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದು ಬಡಿದಾಡಿದೆವು, 2024ರಲ್ಲಿ ಕಾನೂನೇ ಆಯಿತು. ಒಳ್ಳೆಯದು. ಆದರೆ ಬೋರ್ಡಿನ ಕೆಳಗೆ, ಬಾಗಿಲ ಒಳಗೆ ಏನು ನಡೆಯುತ್ತದೆ ಎಂದು ಎಷ್ಟು ಜನ ಇಣುಕಿದೆವು? ನಾನೂ ಇಣುಕಲಿಲ್ಲ. ಬ್ಯಾನರ್ ದುಡ್ಡು ಎಣಿಸಿಕೊಂಡು ಸುಮ್ಮನಾದೆ.

ಈಗ ಸುಮ್ಮನಿರುವ ಹೊತ್ತಲ್ಲ. ಕೇಂದ್ರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಿಂದ ಇದೆ, ಆಯ್ಕೆಯಾದ ಶಾಲೆಗೆ 20 ಲಕ್ಷದವರೆಗೆ ಅನುದಾನ. ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಲ್ಯಾಬ್ ಎಂದು 2025ರ ಬಜೆಟ್ಟಿನಲ್ಲಿ ಘೋಷಿಸಿದ್ದಾರೆ. ನಮ್ಮ ಗಡಿ ತಾಲ್ಲೂಕುಗಳಿಗೂ ಪೆಟ್ಟಿಗೆಗಳು ಬರಲಿ. ಪೆಟ್ಟಿಗೆಯ ಜೊತೆ ಬರುವ ಪುಸ್ತಕ ಯಾವ ಭಾಷೆಯದು, ಮೇಷ್ಟ್ರಿಗೆ ಕಲಿಸಲು ಬರುವವರು ಯಾವ ಮಾತಾಡುತ್ತಾರೆ ಎಂದು ಬಿ.ಇ.ಓ. ಕಚೇರಿಯಲ್ಲಿ ಇವತ್ತೇ ಕೇಳಿ. ಬರೆದು ಕೊಡಿ, ಸ್ವೀಕೃತಿ ಪಡೆಯಿರಿ.

ಶಿಬಿರ ಮಾಡುವ ಸಂಸ್ಥೆಗಳಿಗೂ ಒಂದು ಮಾತು. ‘ಕನ್ನಡದ ಕೈಪಿಡಿಗೆ ಬಜೆಟ್ ಇಲ್ಲ’ ಎಂದು ನನ್ನ ಮುಖಕ್ಕೇ ಹೇಳಿದಿರಿ. ಬರುವ ಏಪ್ರಿಲ್‌ಗೆ ಮುಂಚೆ ನಮ್ಮ ಮೇಷ್ಟ್ರುಗಳನ್ನೇ ಕೂರಿಸಿ ಕನ್ನಡದಲ್ಲಿ ಬರೆಸಿ ತನ್ನಿ. ಕಾಗದದ ದುಡ್ಡು ಕೊಡಿ ಸಾಕು. ಕಂಪೋಸಿಂಗ್, ಪ್ಲೇಟು, ಅಚ್ಚು ನನ್ನದು. ಕರಡು ನಾನೇ ತಿದ್ದುತ್ತೇನೆ.