ಹೆಲ್ಮೆಟ್ಟಿನ ನೆಪ

"ಹೆಲ್ಮೆಟ್ ಕೊಟ್ರೂ ಅವ್ರು ಹಾಕ್ಕೊಳ್ಳಂಗಿಲ್ರಿ, ನಾವೇನ್ ಮಾಡೂಣು?" ಕಟ್ಟಡದ ಕೆಲಸದಲ್ಲಿ ಯಾರೋ ಬಿದ್ದರು, ಸತ್ತರು ಎಂಬ ಸುದ್ದಿ ಬಂದಾಗಲೆಲ್ಲ ಹುಬ್ಬಳ್ಳಿ-ಧಾರವಾಡದ ಗುತ್ತಿಗೆದಾರರ ಬಾಯಲ್ಲಿ ಬರುವ ಮಾತಿದು. ಕೇಳಿದವರೂ ಹೌದೆಂದು ತಲೆಯಾಡಿಸುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಕಾಂಕ್ರೀಟ್ ಬುಟ್ಟಿ ಹೊರುವ ಹೆಣ್ಣುಮಗಳು ತಲೆಯ ಮೇಲೆ ಸಿಂಬಿ ಇಟ್ಟುಕೊಳ್ಳಬೇಕೋ ಹೆಲ್ಮೆಟ್ಟೋ ಎಂದು ಅವರಾರೂ ಯೋಚಿಸಿದಂತಿಲ್ಲ. ಸುರಕ್ಷತೆಯನ್ನು ಕೂಲಿಯವರ ರೂಢಿಯ ಪ್ರಶ್ನೆ ಮಾಡಿಬಿಟ್ಟರೆ ಕಟ್ಟಿಸುವವನೂ ಬಚಾವು, ಪರವಾನಗಿ ಕೊಟ್ಟವನೂ ಬಚಾವು. ನಿಜವಾದ ಪ್ರಶ್ನೆ ಬೇರೆ: ಅಪಾಯ ಕಂಡಾಗ ಕೆಲಸ ನಿಲ್ಲಿಸುವವರು ಯಾರು?

2019ರ ಮಾರ್ಚ್ 19ರ ಮಧ್ಯಾಹ್ನ ಧಾರವಾಡದ ಕುಮಾರೇಶ್ವರ ನಗರದಲ್ಲಿ ಬಹುಮಹಡಿ ಕಟ್ಟಡವೊಂದು ಕುಸಿದು 19 ಜನ ಸತ್ತರು. ಮೇಲೆ ಕೆಲಸ ನಡೆದಿತ್ತು, ಕೆಳಗೆ ಅಂಗಡಿಗಳು ಆಗಲೇ ತೆರೆದಿದ್ದವು. ಅಲ್ಲಿ ಯಾವ ಹೆಲ್ಮೆಟ್ ಯಾರನ್ನು ಉಳಿಸುತ್ತಿತ್ತು? ಕೆಲಸ ಮುಗಿದು ಅನುಮತಿ ಸಿಗುವವರೆಗೆ ಕಟ್ಟಡ ಬಳಸುವಂತಿಲ್ಲ ಎಂದು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಹೇಳುತ್ತದೆ. ಅರೆಬರೆ ಕಟ್ಟಡದಲ್ಲಿ ವ್ಯಾಪಾರ ನಡೆದಿರುವುದನ್ನು ಕಾಣಲು ಎಂಜಿನಿಯರಿಂಗ್ ಓದಬೇಕಿಲ್ಲ, ದಾರಿಹೋಕರಿಗೂ ಕಾಣುತ್ತದೆ. ಕಟ್ಟಡ ಬಿದ್ದ ಮೇಲೆ ಪಾಲಿಕೆಯ ಅಧಿಕಾರಿಗಳ ಅಮಾನತಾಯಿತು. ಅಮಾನತು ಎಂಬುದು ನಮ್ಮಲ್ಲಿ ತಪಾಸಣೆಯ ಬದಲಿಗೆ ಮಾಡುವ ಕ್ರಿಯಾಕರ್ಮ.

2024ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯ ಮೇಲ್ಸೇತುವೆ ಕಾಮಗಾರಿಯಿಂದ ಕಬ್ಬಿಣದ ರಾಡು ತಲೆಗೆ ಬಿದ್ದು ಪೊಲೀಸ್ ಎಎಸ್‌ಐ ಒಬ್ಬರು ಕೆಲವು ದಿನಗಳಲ್ಲಿ ತೀರಿಕೊಂಡರು. ಅವರು ಕೂಲಿಯವರಲ್ಲ. ಕೆಳಗೆ ಜನ ಓಡಾಡುವಾಗ ಮೇಲೆ ಬಲೆ ಕಟ್ಟುವುದು, ರಸ್ತೆ ಅಡ್ಡಗಟ್ಟುವುದು ಕೂಲಿಯವರ ಕೈಯಲ್ಲಿಲ್ಲ.

ನಮ್ಮ ಎರಿ ಮಣ್ಣಿನದೂ ಇದೇ ಕಥೆ. ಮಳೆಗೆ ಉಬ್ಬುವ, ಬೇಸಿಗೆಗೆ ಬಾಯಿ ಬಿಡುವ ಈ ಮಣ್ಣಿನಲ್ಲಿ ಪಾಯಾ ಆಳವಾಗಿ ತೋಡಿ, ಬದಿಗೆ ಹಲಗೆಯ ಆಸರೆ ಕೊಡದೆ ಆಳುಗಳನ್ನು ಕೆಳಗಿಳಿಸಿದರೆ ಮಣ್ಣೇ ಕುಸಿದು ಮುಚ್ಚುತ್ತದೆ. ಮೇಲೆತ್ತಿದ ಮಣ್ಣನ್ನು ಗುಂಡಿಯ ಅಂಚಿಗೇ ಗುಡ್ಡೆ ಹಾಕಿದರಂತೂ ಭಾರವೇ ಅಂಚನ್ನು ಒಳಕ್ಕೆ ದೂಡುತ್ತದೆ. ಹಲಗೆಗೆ, ಮಣ್ಣು ಸಾಗಿಸಲು, ಒಂದು ದಿನ ತಡವಾಗಲು ಖರ್ಚು ಬೇಕು. ಆ ಖರ್ಚು ಮಾಡಬೇಕಾದವನು ಮಾಲೀಕ. ಹೀಗೆ ಮಣ್ಣು ಕುಸಿದು ಸತ್ತರೂ ಹಣೆಬರಹ ಎನ್ನುವವರೊಡನೆ ವಾದ ಬೇಡ.

ಕಾನೂನು ಇಲ್ಲವೆಂದಲ್ಲ. ಕಟ್ಟಡ ಕಾರ್ಮಿಕರ ಕಾಯ್ದೆ 1996ರಲ್ಲೇ ಬಂತು. ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದರೆ ಅನ್ವಯವಾಗುತ್ತಿತ್ತು. ಸುರಕ್ಷತಾ ನಿಯಮ ಮುರಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಹೆಚ್ಚೆಂದರೆ 2,000 ರೂಪಾಯಿ ದಂಡ, ಅಥವಾ ಎರಡೂ ಇದ್ದವು. ಎರಡು ಸಾವಿರವೆಂದರೆ ಇವತ್ತು ಎರಡು-ಮೂರು ಗೌಂಡಿಗಳ ಒಂದು ದಿನದ ಪಗಾರ! ಅದರ ಜಾಗದಲ್ಲಿ 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆಯಲ್ಲಿ ದಂಡ ಲಕ್ಷಗಳಿಗೇರಿದೆ, ಸಾವಾದರೆ ಕನಿಷ್ಠ ಐದು ಲಕ್ಷ ದಂಡ ಅಥವಾ ಎರಡು ವರ್ಷದವರೆಗೆ ಸೆರೆ. ಒಳ್ಳೆಯದೇ. ಆದರೆ ಇದೂ ಸತ್ತ ಮೇಲಿನ ಲೆಕ್ಕ.

ಒಂದು ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳಿಹಾಕಲಾರೆ. ತಪಾಸಣೆ ಹೆಚ್ಚಾದರೆ ಮಾಮೂಲಿಯೂ ಹೆಚ್ಚುತ್ತದೆ, ದೊಡ್ಡವನು ಕೊಟ್ಟು ಪಾರಾಗುತ್ತಾನೆ, ಸಾಲ ಮಾಡಿ ಎರಡಂತಸ್ತಿನ ಮನೆ ಕಟ್ಟುವ ಮಾಸ್ತರು ಸಿಕ್ಕಿಬೀಳುತ್ತಾರೆ ಎಂಬ ಭಯ ಅದು. ನಮ್ಮ ಕಚೇರಿಗಳನ್ನು ಕಂಡವರ್ಯಾರೂ ಇದನ್ನು ಸುಳ್ಳೆನ್ನಲಾರರು. ಆದರೆ ಲಂಚ ಹುಟ್ಟುವುದು ಅಧಿಕಾರಿ ಯಾವಾಗ ಬೇಕಾದರೂ ಬಂದು, ಏನನ್ನೂ ಬರೆದಿಡದೆ ಹೋಗಬಹುದಾದ ಕಡೆ. ಪಾಯಾ ತೋಡಿದಾಗ, ಕಾಲಂ ಎದ್ದಾಗ, ಪ್ರತಿ ಸ್ಲ್ಯಾಬಿಗೆ ಮುನ್ನ ಸೆಂಟ್ರಿಂಗ್ ಕಟ್ಟಿದಾಗ ತಪಾಸಣೆ ಎಂದು ಮೊದಲೇ ಗೊತ್ತುಮಾಡಿ, ಬಂದವರ ಹೆಸರು, ದಿನಾಂಕ, ಕಂಡದ್ದೇನು ಎಂಬುದನ್ನು ಕಟ್ಟಡದ ಎದುರಿನ ಫಲಕದಲ್ಲೇ ಬರೆಸಿದರೆ ಮಾಮೂಲಿಗೆ ಜಾಗ ಕಿರಿದಾಗುತ್ತದೆ. ಹತ್ತಕ್ಕಿಂತ ಕಡಿಮೆ ಆಳುಗಳಿರುವ ಕೆಲಸವೂ ಪಾಲಿಕೆಯ ಪರವಾನಗಿಯ ಮೂಲಕ ಇದರೊಳಗೆ ಬರುತ್ತದೆ.

ಜನ ಸಾಲದು ಎನ್ನುವ ಪಾಲಿಕೆಗೆ ಒಂದು ಮಾತು. ನಕ್ಷೆಗೆ ಮಂಜೂರಾತಿ ಕೊಡುವಾಗಲೇ ಕಟ್ಟಡ ವೆಚ್ಚದ ಶೇ 1ರಷ್ಟು ಕಾರ್ಮಿಕ ಸೆಸ್ ವಸೂಲಿ ಮಾಡಿ ಕಲ್ಯಾಣ ಮಂಡಳಿಗೆ ಕಳಿಸಲು ನಿಮ್ಮಲ್ಲಿ ಜನರಿದ್ದಾರೆ. ಕೂಲಿಯವರು ಸತ್ತಾಗ ಪರಿಹಾರಕ್ಕೆಂದು ಹಣ ಕೂಡಿಡಲು ಆಗುವುದಾದರೆ, ಅವರು ಸಾಯದಂತೆ ನೋಡಲು ಯಾಕಾಗದು? ಕೂಲಿಯವರು ಕಾರ್ಮಿಕ ಇಲಾಖೆಗೆ, ನಕ್ಷೆ ನಮಗೆ ಎಂಬ ಹಂಚಿಕೆಯನ್ನು ಬಿಡಿ. ಕಟ್ಟಲು ಅನುಮತಿ ಕೊಟ್ಟ ಕೈಯೇ ಕೆಲಸ ನಿಲ್ಲಿಸಲೂ ಬೇಕು. ಇನ್ನು ಮನೆ ಕಟ್ಟಿಸುತ್ತಿರುವ ಓದುಗರಿಗೆ ಕೋರಿಕೆ: ಸ್ಲ್ಯಾಬ್ ಹಾಕುವ ದಿನ ಗೊತ್ತುಮಾಡುವ ಮುನ್ನ ಸೆಂಟ್ರಿಂಗ್ ನೋಡಿ ಸಹಿ ಮಾಡಿದ ಎಂಜಿನಿಯರ್ ಯಾರೆಂದು ಗುತ್ತಿಗೆದಾರರನ್ನು ಕೇಳಿ. ಹೆಸರು ಸಿಗದಿದ್ದರೆ ಅಂದಿನ ಕೆಲಸ ಮುಂದೂಡಿ.